ಕೋಡಿಯ ಮೇಲಿನ ಒಂದು ಗೇಣು

ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿರುವ ನನ್ನ ಪಾಲಿಗೆ ಆ ಕೆರೆಯ ಕೋಡಿಯ ಕೆಲಸ ಬಂದಾಗ ಅಜ್ಜ ತೀರಿಕೊಂಡು ಎಂಟು ತಿಂಗಳಾಗಿತ್ತು. ಆಡೂರಿನಿಂದ ಆಚೆ, ಹಾನಗಲ್ಲು ತಾಲೂಕಿನದೇ ಒಂದು ಸಣ್ಣ ಊರು, ಹೆಸರು ಬೇಡ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಹರಿದುಹೋಗಲು ಕಟ್ಟಿದ ಕಲ್ಲಿನ ಗೋಡೆಯೇ ಕೋಡಿ. ಅದರ ಮೇಲಿನ ಸಾಲಿನ ಕಲ್ಲುಗಳು ಸಡಿಲಾಗಿದ್ದವು. ಅವನ್ನು ಕಿತ್ತು, ಇದ್ದ ಎತ್ತರಕ್ಕೇ ಕಾಂಕ್ರೀಟ್ ಹಾಕಿ, ಮಳೆಗಾಲಕ್ಕೆ ಮುಂಚೆ ಮುಗಿಸಬೇಕಿತ್ತು. ಕಡತದಲ್ಲಿದ್ದ ಹಳೆಯ ನಕ್ಷೆ ಬಿಡಿಸಿದರೆ ಮೂಲೆಯಲ್ಲಿ ಅಜ್ಜನ ಸಹಿ. ನಲವತ್ತು ವರ್ಷಕ್ಕೂ ಹಿಂದೆ ಆ ಕೋಡಿ ಕಟ್ಟಿಸಿದವನು ಅವನೇ ಎಂದು ಗೊತ್ತಿತ್ತು. ಆದರೂ ಆ ಓರೆ ಅಕ್ಷರದ ಮೇಲೆ ಒಮ್ಮೆ ಬೆರಳಾಡಿಸಿದೆ.

ಊರಿನವರು ಹೊಸ ಕೋಡಿಯ ಪಕ್ಕ ಅಜ್ಜನ ಹೆಸರಿನ ಕಲ್ಲು ನಿಲ್ಲಿಸುವ ಮಾತಾಡಿದರು. ಚಿಕ್ಕೇರೂರಿನಲ್ಲಿದ್ದ ಅಪ್ಪ ಅದನ್ನು ಕೇಳಿದ್ದೇ ತಡ, ಮರುದಿನವೇ ಕಲ್ಲು ಕೆತ್ತಲು ಹೇಳಿಬಿಟ್ಟ. ನಮ್ಮ ಮನೆಯಲ್ಲಿ ಅಜ್ಜನ ಲೆವೆಲ್ಲು, ಅಂದರೆ ಅವನು ಅಳೆದ ಎತ್ತರ, ತಪ್ಪಿದ್ದಿಲ್ಲ ಎನ್ನುವುದು ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಎನ್ನುವಷ್ಟೇ ಖಾತ್ರಿಯ ಮಾತು.

ಅಜ್ಜ ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರು, ಈ ನಾಲ್ಕು ತಾಲೂಕಿನ ಕೆರೆಗಳ ಏರಿಯ ಮೇಲೆ ನಡೆದೇ ಇದೇ ಇಲಾಖೆಯ ಇಂಜಿನಿಯರ್ ನೌಕರಿ ಮುಗಿಸಿದವನು. ನಿವೃತ್ತನಾದ ಮೇಲೂ ನಡಿಗೆ ನಿಲ್ಲಲಿಲ್ಲ. ಭಾನುವಾರ ಬೆಳಕು ಹರಿಯುವ ಮುಂಚೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು, ಅಂಗಿಯ ಜೇಬಿನಲ್ಲಿ ಸವಣೂರಿನ ವೀಳ್ಯದೆಲೆ ಇಟ್ಟುಕೊಂಡು ಹೊರಟರೆ ಬರುವುದು ಸಂಜೆಗೇ. ವರದಾ ನದಿಯಲ್ಲಿ ಈಜುತ್ತಿದ್ದ, ಹಕ್ಕಿ ಎಣಿಸುತ್ತಿದ್ದ, ಸಿಕ್ಕವರ ಬಾವಿಗೆಲ್ಲ ಇಣುಕಿ ನೋಡಿ ಬೇಡದ ಸಲಹೆ ಕೊಡುತ್ತಿದ್ದ. ಕೈಯಲ್ಲೊಂದು ಬಿದಿರಿನ ಬಡಿಗೆ. ಅದರ ಮೇಲೆ ಇಂಚು, ಅಡಿಗಳಿಗೆ ಸಣ್ಣ ಹಿತ್ತಾಳೆ ಮೊಳೆ ಬಡಿದಿದ್ದ. ಕಂಡದ್ದನ್ನೆಲ್ಲ ಬರೆದಿಡಲು ನೂರು ಪುಟದ ಬೌಂಡ್ ಪುಸ್ತಕಗಳು. ಸಾಯುವ ಮುಂಚೆ ಬಡಿಗೆಯನ್ನೂ ಪುಸ್ತಕಗಳನ್ನೂ ನನಗೇ ಎಂದು ಹೇಳಿಹೋಗಿದ್ದ.

ಮಳೆಗಾಲದಲ್ಲಿ ಈ ಕೆರೆಯ ಕೋಡಿ ಬಿದ್ದು ಮೇಲೆ ನೀರು ಹರಿಯುವ ಸುದ್ದಿ ಬಂದರೆ ಅಜ್ಜ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ತಾನು ಕಟ್ಟಿಸಿದ್ದನ್ನು ನೋಡುವ ಹುಚ್ಚು ಎಂದು ನಾವು ನಗುತ್ತಿದ್ದೆವು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಒಮ್ಮೆ ನನ್ನನ್ನೂ ಕರೆದೊಯ್ದಿದ್ದ. ಹಿನ್ನೀರಿನ ತುದಿಯಲ್ಲಿ ಪ್ಯಾಂಟು ಮಡಚಿ ನೀರಿಗಿಳಿದು, ಬಡಿಗೆ ಊರಿ, ಅಂಕಿ ಕೂಗಿ ಹೇಳಿದ. ದಂಡೆಯ ಮೇಲೆ ಕೂತು ಪುಸ್ತಕದಲ್ಲಿ ಬರೆದವಳು ನಾನು. ಸರ್ಕಾರಿ ಕೆಲಸ ಮಾಡಿದಷ್ಟು ಜಂಬವಾಗಿತ್ತು.

ಕೆಲಸಕ್ಕೆ ಬರೋಣ. ಲೆವೆಲ್ಲು ಹಿಡಿಯಲು ಮೊದಲು ಬೇಕಾದದ್ದು ಎತ್ತರ ಗೊತ್ತಿರುವ ಒಂದು ಗುರುತು, ಅದೇ ಬೆಂಚ್‌ಮಾರ್ಕು. ಉಳಿದ ಎಲ್ಲ ಎತ್ತರವನ್ನೂ ಅದರಿಂದಲೇ ಲೆಕ್ಕ ಹಾಕುವುದು. ಅಜ್ಜನ ನಕ್ಷೆಯಲ್ಲಿ ಎರಡು ಗುರುತುಗಳಿದ್ದವು. ಒಂದು, ಅರ್ಧ ಕಿಲೋಮೀಟರು ದೂರದ ರಸ್ತೆಯ ಮೋರಿಯ ಕಲ್ಲಿನ ಮೇಲೆ. ಇನ್ನೊಂದು, ಕೋಡಿಯ ಎಡಕ್ಕೇ ಇರುವ ಕಲ್ಲಿನ ಮೇಲೆ, ಉಳಿಯಿಂದ ಕೆತ್ತಿ ಕೆಂಪು ಬಣ್ಣ ತುಂಬಿದ ಬಾಣ. ಹತ್ತಿರದ್ದನ್ನು ಹುಡುಕಿದೆವು, ಸಿಗಲಿಲ್ಲ. ಆ ಜಾಗದಲ್ಲಿ ಇದ್ದದ್ದು ಗಂಗವ್ವನ ಕಟ್ಟೆ. ಎಣ್ಣೆ ಕುಡಿದು ಕಪ್ಪಾದ ಕಲ್ಲಿನ ಅವ್ವ, ಹಣೆತುಂಬ ಕುಂಕುಮ. ಕೈಮುಗಿದು, ಮೋರಿಯಿಂದಲೇ ಶುರು ಮಾಡಿದೆವು.

ಸಹಾಯಕರು ಅಳತೆಪಟ್ಟಿ ಹಿಡಿದು ಮುಂದೆ, ನಾನು ಲೆವೆಲ್ ಯಂತ್ರ ಹೊತ್ತು ಹಿಂದೆ. ಮಧ್ಯಾಹ್ನಕ್ಕೆ ಕೋಡಿಯ ನೆತ್ತಿ ಮುಟ್ಟಿದೆವು. ಲೆಕ್ಕ ಹಾಕಿದರೆ ಕೋಡಿ ನಕ್ಷೆಯಲ್ಲಿರುವುದಕ್ಕಿಂತ ಇಪ್ಪತ್ಮೂರು ಸೆಂಟಿಮೀಟರು ಎತ್ತರ. ಅಜ್ಜನ ಬಡಿಗೆಯ ಲೆಕ್ಕದಲ್ಲಿ ಒಂಬತ್ತು ಇಂಚು. ತಪ್ಪು ನನ್ನದೇ ಎಂದು ಮೊದಲು ನನ್ನನ್ನೇ ಬೈದುಕೊಂಡೆ. ಸಹಾಯಕರಿಗೂ ಎರಡು ಮಾತು ಬಿದ್ದವು. ಅವರು ತಲೆಗೆ ಟವೆಲು ಸುತ್ತಿಕೊಂಡು ಮತ್ತೆ ಮೋರಿಯ ಕಡೆ ನಡೆದರು.

ಹೋದ ದಾರಿಯಲ್ಲೇ ವಾಪಸು ಮೋರಿಗೆ ಬಂದು ಲೆವೆಲ್ಲು ಮುಚ್ಚಿದೆ. ಹೊರಟ ಅಂಕಿಗೂ ಬಂದು ಸೇರಿದ ಅಂಕಿಗೂ ಮೂರು ಮಿಲಿಮೀಟರು ವ್ಯತ್ಯಾಸ. ಅದು ಲೆಕ್ಕಕ್ಕೆ ಬರುವಂಥದ್ದಲ್ಲ. ಮರುದಿನ ಬೇರೆ ದಾರಿ ಹಿಡಿದು, ಏರಿಯ ಕೆಳಗಿನಿಂದ ಹೋದೆವು. ಅದೇ ಉತ್ತರ. ಮೂರನೇ ದಿನ ಕಚೇರಿಯ ಇನ್ನೊಂದು ಯಂತ್ರ ತಂದೆ. ಅದೇ ಉತ್ತರ. ಹೊರಟಲ್ಲಿಗೆ ಬಂದು ಮುಚ್ಚದ ಲೆವೆಲ್ಲನ್ನು ನಂಬಬೇಡ ಎಂದು ಅಜ್ಜ ನನ್ನ ತಲೆಗೆ ಬಡಿದು ಬಡಿದು ಕಲಿಸಿದ್ದ. ಈಗ ಆ ಪಾಠ ಅವನ ಕೋಡಿಯನ್ನೇ ತಪ್ಪು ಎನ್ನುತ್ತಿತ್ತು.

ಮೂರನೇ ದಿನವೇ ಒಬ್ಬ ಅಕ್ಕ ಬಂದರು. ಐವತ್ತೈದರ ಸುಮಾರಿನ ರೈತ ಹೆಂಗಸು. ಹಿನ್ನೀರಿನ ಅಂಚಿಗೆ ಅವರ ಹೊಲ. ಒಂದು ಕೈಯಲ್ಲಿ ಮಜ್ಜಿಗೆಯ ತಂಬಿಗೆ, ಇನ್ನೊಂದರಲ್ಲಿ ಕಾಗದ ತುಂಬಿದ ಪ್ಲಾಸ್ಟಿಕ್ ಚೀಲ. ಕೋಡಿ ಬಿದ್ದಾಗಲೆಲ್ಲ ಹೊಲದ ಕೆಳಗಿನ ಭಾಗಕ್ಕೆ ನೀರು ಬಂದು ನಿಲ್ಲುತ್ತದೆ, ಗೋವಿನಜೋಳದ ಬೇರು ಕೊಳೆಯುತ್ತದೆ. ಅವರ ಮಾವನ ಕಾಲದಿಂದಲೂ ಇದೇ ಕಥೆ. ಗಂಡ ಹೋದ ಮೇಲೆ ಅರ್ಜಿ ಹಾಕತೊಡಗಿದ್ದರು. ಪ್ರತಿ ಅರ್ಜಿಗೂ ಇಲಾಖೆಯಿಂದ ಒಂದೇ ಉತ್ತರ: ದಾಖಲೆಯ ಪ್ರಕಾರ ನಿಮ್ಮ ಜಮೀನು ಕೆರೆಯ ಪೂರ್ಣ ಮಟ್ಟಕ್ಕಿಂತ ಎಂಟು ಇಂಚು ಮೇಲಿದೆ, ಆದ್ದರಿಂದ ಮುಳುಗಡೆಯ ಪ್ರಶ್ನೆಯೇ ಇಲ್ಲ.

“ದಾಖಲ್ಯಾಗ ನನ್ನ ಹೊಲ ಮುಳುಗಂಗಿಲ್ಲಂತ್ರಿ ಮೇಡಂ, ನೀರಿಗೆ ಓದಾಕ ಬರಂಗಿಲ್ಲ,” ಎಂದರು ಅಕ್ಕ. “ನಿಮ್ಮ ದುರ್ಬೀನು ಒಮ್ಮೆ ನನ್ನ ಹೊಲಕ್ಕೂ ತರ್ರಿ.”

ಹೋದೆವು. ಹೊಲದ ತಗ್ಗಿನ ಮೂಲೆ ನಕ್ಷೆಯ ಪೂರ್ಣ ಮಟ್ಟಕ್ಕಿಂತ, ಅಂದರೆ ನಕ್ಷೆಯಲ್ಲಿನ ಕೋಡಿಯ ನೆತ್ತಿಗಿಂತ, ಸರಿಯಾಗಿ ಎಂಟು ಇಂಚು ಮೇಲಿತ್ತು. ಇಲಾಖೆ ಸುಳ್ಳು ಹೇಳಿರಲಿಲ್ಲ. ಆದರೆ ಕೋಡಿ ಒಂಬತ್ತು ಇಂಚು ಎತ್ತರವಿದ್ದ ಮೇಲೆ, ಕೆರೆ ಬರೀ ತುಂಬಿ ನಿಂತರೂ ಆ ಮೂಲೆಯಲ್ಲಿ ಒಂದು ಇಂಚು ನೀರು. ಕೋಡಿಯ ಮೇಲೆ ಎಷ್ಟು ಇಂಚು ಹರಿಯುತ್ತದೋ ಅಷ್ಟು ಇನ್ನೂ ಹೆಚ್ಚು. ಈಗ ನಾನು ಇದ್ದ ಎತ್ತರಕ್ಕೇ ಕಾಂಕ್ರೀಟ್ ಹಾಕಿದರೆ ಇನ್ನೊಂದು ಐವತ್ತು ವರ್ಷ ಅಕ್ಕನ ಹೊಲದ ಗತಿ ಅದೇ.

ಮೇಲಿನ ಸಾಹೇಬರಿಗೆ ಹೇಳಿದೆ. ಒಳ್ಳೆಯವರು, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಈಗಿರುವ ಎತ್ತರವನ್ನೇ ಪೂರ್ಣ ಮಟ್ಟ ಎಂದು ಬರೆದು ಕೆಲಸ ಮುಗಿಸಿಬಿಡಿ, ಹಳೆಯದನ್ನು ಕೆದಕಿದರೆ ಕೆರೆಯ ಕೆಳಗಿನ ಗದ್ದೆಯ ರೈತರು ಕೋಡಿ ಮುಟ್ಟಲು ಬಿಡುವುದಿಲ್ಲ, ಅಷ್ಟರಲ್ಲಿ ಮಳೆ ಬರುತ್ತದೆ ಎಂದರು. ಅದರಲ್ಲೂ ನಿಮ್ಮ ಅಜ್ಜನವರ ಕೆಲಸ, ನೋಡಿ, ಎಂದು ಮಾತು ಅರ್ಧಕ್ಕೆ ಬಿಟ್ಟರು. ಆ ಅರ್ಧ ಮಾತಿಗೆ ನನಗೆ ನಿಜವಾಗಿ ಆಸೆಯಾಯಿತು. ಸುಳ್ಳು ಯಾಕೆ ಹೇಳಲಿ, ಎರಡು ದಿನ ಹಾಗೇ ಬರೆದುಬಿಡೋಣ ಎಂದುಕೊಂಡೇ ಓಡಾಡಿದೆ.

ಆದರೆ ಒಂಬತ್ತು ಇಂಚು ಎಲ್ಲಿಂದ ಬಂತು ಎಂಬುದು ತಲೆ ತಿನ್ನುತ್ತಿತ್ತು. ಅಜ್ಜ ಸೆಂಟಿಮೀಟರು ತಪ್ಪಬಹುದು, ಗೇಣುಗಟ್ಟಲೆ ತಪ್ಪುವವನಲ್ಲ. ಅದರ ಮರುದಿನ ಹೂಳಿನ ಆಳ ನೋಡಲೆಂದು ಬಡಿಗೆ ಹಿಡಿದು ಒಬ್ಬಳೇ ಕೆರೆಗೆ ಹೋದೆ. ಗಂಗವ್ವನ ಕಟ್ಟೆಯ ನೆರಳಲ್ಲಿ ಹಳೆಯ ನೀರುಗಂಟಿ ಕೂತಿದ್ದರು. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಕೆಲಸ ಮಾಡಿ ಮುದುಕರಾದವರು. ನನ್ನ ಮುಖ ನೋಡಲಿಲ್ಲ, ಬಡಿಗೆ ನೋಡಿದರು.

“ಈ ಬಡಿಗಿ ನನಗ ಗೊತ್ತೈತ್ರಿ. ಇದರ ಮಾಲಕರು ಎಲ್ಲೆದಾರ?”

ತೀರಿಕೊಂಡರು, ನಾನು ಅವರ ಮೊಮ್ಮಗಳು ಎಂದೆ. ಬಡಿಗೆಯ ಮೊಳೆಗಳನ್ನು ಬೆರಳಿನಿಂದ ಸವರಿದರು. ಇಲ್ಲೊಂದು ಕಲ್ಲಿನ ಮೇಲೆ ಕೆಂಪು ಬಾಣ ಇತ್ತಂತೆ, ಕಂಡಿದ್ದೀರಾ ಎಂದು ಕೇಳಿದೆ. ಅವರು ಎದ್ದು ಅವ್ವನಿಗೆ ಕೈಮುಗಿದರು. ನನ್ನ ಬೆರಳು ಹಿಡಿದು ಕಲ್ಲಿನ ಮುಖದ ಮೇಲೆ, ಕುಂಕುಮದ ಕೆಳಗೆ ಇಟ್ಟರು. ಎಣ್ಣೆಯ ಜಿಡ್ಡಿನೊಳಗೆ ಉಳಿಯ ಗೆರೆಗಳು ಬೆರಳಿಗೆ ಹತ್ತಿದವು. ಮೂರು ಗೆರೆ, ಮೇಲೊಂದು ಅಡ್ಡ ಗೆರೆ.

ನಮ್ಮ ಇಲಾಖೆಯವರ ಬಾಣದ ಗುರುತು ಮೂರು ಗೆರೆಯದು. ಕೆಂಪು ಬಣ್ಣ ಬೇರೆ. ಸಾಹೇಬರು, ಅಂದರೆ ಅಜ್ಜ, ಗುರುತು ಹಾಕಿ ಹೋದ ಆ ವರ್ಷ ಮಳೆ ಹದವಾಗಿ ಆಯಿತಂತೆ. ಕೆರೆ ಎಂದೂ ಇಲ್ಲದಂತೆ ತುಂಬಿತು. ಊರಿನ ಹೆಂಗಸರು ನೋಡಿದರೆ ದಂಡೆಯ ಕಲ್ಲಿನ ಮೇಲೆ ತ್ರಿಶೂಲ ಮೂಡಿದೆ. ಗಂಗವ್ವ ಬಂದಿದ್ದಾಳೆಂದು ಉಡಿ ತುಂಬಿದರು. ನೀರು ಕಲ್ಲಿನ ಬುಡಕ್ಕೆ ಬಂದಾಗ ಅವ್ವನ ಕಾಲು ತೊಯ್ಯಬಾರದೆಂದು ನಾಲ್ಕು ಗಂಡಸರು ಹಾರೆ ಹಾಕಿ ಮೀಟಿ, ಅಡಿಯಲ್ಲಿ ಒಂದು ಕಟ್ಟಡದ ಕಲ್ಲು ಸರಿಸಿದರು. ಎಷ್ಟು ಎತ್ತಿದಿರಿ ಎಂದು ಕೇಳಿದೆ. ಮುದುಕರು ಅಂಗೈ ಅಗಲಿಸಿ ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ತೋರಿಸಿದರು. ಒಂದು ಗೇಣು. ಗೇಣೆಂದರೆ ಒಂಬತ್ತು ಇಂಚು.

ಮರುವರ್ಷ ಕೋಡಿ ಕಟ್ಟಲು ಬಂದ ಅಜ್ಜ ಸುತ್ತ ಕಟ್ಟೆ ಎದ್ದದ್ದನ್ನು ಗಮನಿಸಿ, ಕಲ್ಲು ಎತ್ತಿದ್ದೀರೇನು ಎಂದು ಕೇಳಿದ್ದನಂತೆ. ಸರ್ಕಾರ ಅವ್ವನನ್ನು ಒಯ್ದುಬಿಡುತ್ತದೆಂದು ಹೆದರಿ ಇಲ್ಲ ಎಂದರು. ಅಜ್ಜ ಚಪ್ಪಲಿ ಬಿಟ್ಟು, ಅವ್ವನ ಅಪ್ಪಣೆ ಬೇಡಿ, ಅವಳ ನೆತ್ತಿಯ ಮೇಲೆಯೇ ಅಳತೆಪಟ್ಟಿ ನಿಲ್ಲಿಸಿ ಲೆವೆಲ್ಲು ಹಿಡಿದ. ಸುಡುವ ಬಿಸಿಲು, ಮೋರಿ ದೂರ. ಅಷ್ಟು ದೂರ ಹೋಗಿ ಮುಚ್ಚಲಿಲ್ಲ. ಗುರುತೇ ಒಂದು ಗೇಣು ಮೇಲೆದ್ದಿದ್ದರಿಂದ ಕೋಡಿಯೂ ಒಂದು ಗೇಣು ಎತ್ತರಕ್ಕೆ ಎದ್ದಿತು.

ಮೊದಲ ಸಲ ಕೋಡಿ ಬಿದ್ದಾಗ ನೀರು ಹೊಲಕ್ಕೆ ನುಗ್ಗಿದ್ದು ನೋಡಿ ಅಜ್ಜನಿಗೆ ಅನುಮಾನ ಬಂತು. ನೀರುಗಂಟಿಯನ್ನು ಹಿಡಿದು ಕೇಳಿದಾಗ ನಿಜ ಹೊರಬಿತ್ತು. ಅಜ್ಜ ನೇರವಾಗಿ ಹೊಲದ ಯಜಮಾನರ, ಅಂದರೆ ಅಕ್ಕನ ಮಾವನ, ಮನೆಗೆ ಹೋಗಿ ಎಲ್ಲ ಹೇಳಿದ. ಆ ಹಿರಿಯರು ಕೋಡಿ ಒಡೆಯಬೇಡಿ ಎಂದರಂತೆ. ಆ ಗೇಣು ನೀರಿನಿಂದ ಊರಿಗೆ ಎರಡನೇ ಬೆಳೆ ಬರುವಂತಾಗಿತ್ತು. ತನ್ನೊಬ್ಬನ ಹೊಲಕ್ಕಾಗಿ ಅದನ್ನು ಕಿತ್ತುಕೊಂಡರೆ ಊರಲ್ಲಿ ಬಾಳಲಾಗದು ಎಂದು ಅಜ್ಜನಿಂದ ಮಾತು ತೆಗೆದುಕೊಂಡರು. ಮಾತು ಕೊಟ್ಟ ಅಜ್ಜ ನಕ್ಷೆಗೆ ಹಾಗೇ ಸಹಿ ಹಾಕಿದ.

“ಆಮ್ಯಾಲ ವರ್ಷಾ ವರ್ಷಾ ಬರ್ತಿದ್ರು,” ಎಂದರು ನೀರುಗಂಟಿ. “ಆ ಹೊಲದಾಗ ಇಳದು ನಿಂದರ್ತಿದ್ರು. ಯಾರ ಕೂಡನೂ ಮಾತಿಲ್ಲ.”

ಆ ಭಾನುವಾರ ಚಿಕ್ಕೇರೂರಿಗೆ ಹೋಗಿ ಅಜ್ಜನ ಪುಸ್ತಕಗಳನ್ನೆಲ್ಲ ಪಡಸಾಲೆಯಲ್ಲಿ ಹರವಿಕೊಂಡು ಕೂತೆ. ಈ ಕೆರೆಯ ಪುಟಗಳು ಸಿಗುವುದು ಕಷ್ಟವಾಗಲಿಲ್ಲ. ಬೆಳ್ಳಕ್ಕಿ ಇಷ್ಟು, ನೀರುಕಾಗೆ ಇಷ್ಟು ಎಂದು ಎಣಿಕೆ. ಕೊನೆಗೊಂದು ಸಾಲು: ಕೋಡಿ ೩, ಹೊ. ೪. ಇನ್ನೊಂದು ವರ್ಷ ಕೋಡಿ ೬, ಹೊ. ೭. ಈ ‘ಹೊ.’ ಯಾವುದೋ ಹಕ್ಕಿ ಇರಬೇಕೆಂದು ಮೊದಲು ಓದಿದಾಗ ದಾಟಿಹೋಗಿದ್ದೆ. ಈಗ ನೋಡಿದರೆ ಹೊಲ. ಯಾವ ವರ್ಷ ತೆಗೆದರೂ ಹೊಲದ ನೀರು ಕೋಡಿಯ ನೀರಿಗಿಂತ ಒಂದು ಇಂಚು ಹೆಚ್ಚು. ಒಂಬತ್ತರಲ್ಲಿ ಎಂಟು ಕಳೆದರೆ ಒಂದು. ಯಾವ ಕೋರ್ಟೂ ಒಪ್ಪುವ ಸಾಕ್ಷಿಯನ್ನು ಅಜ್ಜ ತನ್ನ ಮೇಲೆ ತಾನೇ ಬರೆದಿಟ್ಟಿದ್ದ.

ಒಂದು ಪುಟದಲ್ಲಿ ಅಕ್ಷರ ಬೇರೆ. ದುಂಡಗೆ, ಗೆರೆಯ ಮೇಲೆ ಕೂರದ ಅಕ್ಷರ. ಕೋಡಿ ೪, ಹೊ. ೫. ನನ್ನದು.

ನನಗೆ ಸಿಟ್ಟು ಬಂತು. ಅಜ್ಜನ ಮೇಲೆ ಅಷ್ಟು ಸಿಟ್ಟು ಅವನು ಬದುಕಿದ್ದಾಗಲೂ ಬಂದಿರಲಿಲ್ಲ. ಮಾತು ಕೊಟ್ಟದ್ದು ನಿಜ; ಮಾತು ತೆಗೆದುಕೊಂಡ ಹಿರಿಯರು ಹೋದ ಮೇಲೆ, ಅವರ ಸೊಸೆ ಚೀಲ ಹಿಡಿದು ಅಲೆಯುವಾಗಲೂ ಬಡಿಗೆ ಊರಿ ಅಂಕಿ ಬರೆದದ್ದು ಯಾವ ನ್ಯಾಯ? ಜೊತೆಗೆ ಅಳುವೂ ಬಂತು. ವರ್ಷವರ್ಷವೂ ಹೋಗಿ ಆ ನೀರಿನಲ್ಲಿ ನಿಲ್ಲುವುದೇನು ಸಣ್ಣ ಮಾತಲ್ಲ. ನನಗೆ ಬಡಿದು ಕಲಿಸಿದ ಪಾಠವನ್ನು ಅವನು ಎಲ್ಲಿ ಕಲಿತನೆಂದು ಅವತ್ತು ತಿಳಿಯಿತು.

ಅಪ್ಪನಿಗೆ ಎಲ್ಲ ಹೇಳಿದೆ. ಹೆಸರಿನ ಕಲ್ಲು ಆಗಲೇ ಕೆತ್ತಿ ಮನೆಗೆ ಬಂದು ಜಗಲಿಗೆ ಒರಗಿತ್ತು. ಅಪ್ಪ ಅದನ್ನೇ ನೋಡುತ್ತ ಕೂತ.

“ಸತ್ತವರ ಮ್ಯಾಲೆ ಯಾಕ ಬರೀತಿ ನನ್ನವ್ವಾ,” ಎಂದ.

“ಅಪ್ಪಾ, ಬರ್ದು ಇಟ್ಟಾಂವ ಅವನ. ನಾ ಬರೇ ಜೋಡಸಾಕತ್ತೇನಿ.”

ಅಪ್ಪ ಅವತ್ತು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಸೋಮವಾರ ವರದಿ ಬರೆದೆ. ಮೂರು ದಿನದ ಲೆವೆಲ್ಲು, ಹಳೆಯ ನಕ್ಷೆ, ಅಜ್ಜನ ಪುಸ್ತಕದ ಪುಟಗಳ ಝೆರಾಕ್ಸ್. ಕೋಡಿಯ ನೆತ್ತಿಯನ್ನು ಇಪ್ಪತ್ಮೂರು ಸೆಂಟಿಮೀಟರು ಇಳಿಸಿ ಮೂಲ ಮಟ್ಟಕ್ಕೆ ತರಬೇಕು ಎಂದು ಕೊನೆಯ ಸಾಲು. ಮೊದಲಿನ ಅಳತೆಯಲ್ಲಿ ತಪ್ಪು ಯಾರಿಂದ ಆಯಿತು ಎಂಬಲ್ಲಿ ಅಜ್ಜನ ಹುದ್ದೆ ಬರೆದೆ, ಅದರ ಮುಂದೆ ಹೆಸರೂ ಬರೆದೆ. ಸಾಹೇಬರು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ಊರಿನವರನ್ನು ನೀವೇ ಒಪ್ಪಿಸಿ ಎಂದರು.

ಒಪ್ಪಿಸುವುದು ಸುಲಭವಿರಲಿಲ್ಲ. ಕೋಡಿಯ ಮೇಲೇ ಸಭೆ ಸೇರಿತು. ಕೆಳಗಿನ ಗದ್ದೆಯವರು ಬೆಳಿಗ್ಗೆಯೇ ಬಂದು ಸಡಿಲಾದ ಕಲ್ಲುಗಳ ಮೇಲೆ ಕೂತುಬಿಟ್ಟಿದ್ದರು. ಒಂದು ಗೇಣು ನೀರೆಂದರೆ ನಮ್ಮ ಬೇಸಿಗೆ ಬೆಳೆ, ಅದನ್ನು ಬಿಟ್ಟುಕೊಡುವುದಿಲ್ಲ ಎಂದರು. ಅಳತೆ ತಪ್ಪಿದ್ದಕ್ಕೆ ನಲವತ್ತು ವರ್ಷದ ಮೇಲೆ ಏನು ಸಾಕ್ಷಿ, ಈ ಮೇಡಂ ಹೇಳಿದ್ದೇ ವೇದವೇ ಎಂದೂ ಒಬ್ಬರು ಕೇಳಿದರು. ನಾನು ಕಾಗದ ತೋರಿಸಿದೆ. ಕಾಗದಕ್ಕೆ ಯಾರೂ ಸೊಪ್ಪು ಹಾಕಲಿಲ್ಲ.

ಹಿಂದಿನಿಂದ ನೀರುಗಂಟಿ ಎದ್ದು ಬಂದರು. ಬರಬೇಕೆಂದು ನಾನು ಕೇಳಿರಲಿಲ್ಲ.

“ಅವ್ವನ ಕಲ್ಲು ಎತ್ತಿದ ನಾಕು ಮಂದ್ಯಾಗ ನಾ ಒಬ್ಬ ಉಳದೇನಿ,” ಎಂದರು. “ಸಾಹೇಬ್ರು ಕೇಳಿದಾಗ ಎತ್ತಿಲ್ಲ ಅಂದಾಂವನೂ ನಾನ. ಈ ಮಾತು ಹೊತಗೊಂಡು ಸಾಯಾಕ ನನಗ ಆಗಂಗಿಲ್ರಪಾ.”

ಹಾಗಾದರೆ ತಪ್ಪು ಇಂಜಿನಿಯರರದ್ದಲ್ಲ, ನಮ್ಮೂರಿನದೇ ಆಯಿತಲ್ಲ ಎಂದರು ಯಾರೋ. ಅಲ್ಲಿ ನಾನು ಬಾಯಿ ಹಾಕಲೇಬೇಕಾಯಿತು. ಮೋರಿಯವರೆಗೆ ಹೋಗಿ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು, ನಮ್ಮಜ್ಜ ಹೋಗಲಿಲ್ಲ, ಗೊತ್ತಾದ ಮೇಲೂ ಬರೆಯಲಿಲ್ಲ ಎಂದೆ.

ಕೆಳಗಿನ ಗದ್ದೆಯ ಹಿರಿಯರೊಬ್ಬರು ಅಕ್ಕನ ಕಡೆ ತಿರುಗಿ, ಇಷ್ಟು ವರ್ಷ ತಡೆದುಕೊಂಡಿದ್ದೀ, ಊರಿನ ಸಲುವಾಗಿ ಇನ್ನೂ ತಡೆದುಕೊಳ್ಳಬಾರದೇ ಎಂದರು. ಅಕ್ಕ ಚೀಲ ಕೆಳಗಿಟ್ಟರು.

“ನಮ್ಮ ಮಾವ ಕೊಟ್ಟ ಹೋಗ್ಯಾರ. ನನ್ನ ಯಾರೂ ಕೇಳಿಲ್ಲ. ಇವತ್ತ ಕೇಳಾಕತ್ತೀರಿ, ನಾ ಒಲ್ಲೆ ಅಂತೇನಿ.”

ಆಗ ನಾನು ಹೂಳಿನ ಲೆಕ್ಕ ತೆಗೆದೆ. ತೂಬಿನ ಕಡೆ ಬಡಿಗೆ ಊರಿದಲ್ಲೆಲ್ಲ ಎರಡು ಅಡಿಗೂ ಹೆಚ್ಚು ಹೂಳು. ಅದನ್ನು ತೆಗೆದರೆ ಮೇಲೆ ಕಳೆದುಕೊಳ್ಳುವ ಗೇಣು ನೀರು ಕೆಳಗೆ ಸಿಗುತ್ತದೆ. ಹೂಳು ಅಗೆಯುವ ಯಂತ್ರ ನಾನು ಕೊಡಿಸುತ್ತೇನೆ, ಟ್ರ್ಯಾಕ್ಟರು ನಿಮ್ಮದು, ಮಣ್ಣು ನಿಮ್ಮ ಹೊಲಕ್ಕೇ ಎಂದೆ. ಚೌಕಾಸಿ ಮಧ್ಯಾಹ್ನದವರೆಗೆ ನಡೆಯಿತು. ಕೋಡಿಗೆ ಮುಂಚೆ ಹೂಳು, ಹೂಳಿಗೆ ಮುಂಚೆ ಕೋಡಿ ಎಂದು ಎಳೆದಾಡಿ, ಕೊನೆಗೆ ಎರಡೂ ಒಂದೇ ದಿನ ಶುರುವಾಗಲಿ ಎಂಬಲ್ಲಿಗೆ ಬಂದು ನಿಂತಿತು. ಸಾಹೇಬರು ಸಹಿ ಹಾಕಿದರು.

ಕೆಲಸ ಐದು ವಾರ ಹಿಡಿಯಿತು. ಮೇಲಿನ ಸಾಲಿನ ಕಲ್ಲು ಕಿತ್ತೆವು. ಅದರ ಕೆಳಗಿನ ಸಾಲನ್ನು ಉಳಿ ಹಾಕಿ ಕಡಿಯಬೇಕಾಯಿತು. ಅಜ್ಜ ಗಾರೆ ಎಷ್ಟು ಗಟ್ಟಿ ಹಾಕಿಸಿದ್ದನೆಂದರೆ ಕೆಲಸದವರು ಅವನಿಗೆ ದಿನಕ್ಕೆ ಹತ್ತು ಸಲ ಬೈದರು. ನನಗೆ ಒಳಗೊಳಗೇ ಹಿಗ್ಗು. ಕಾಂಕ್ರೀಟ್ ಹಾಕುವ ದಿನ ಬೆಳಿಗ್ಗೆ ಮೋರಿಯಿಂದ ಲೆವೆಲ್ಲು ತಂದು, ಹಾಕಿದ ಮೇಲೆ ಮತ್ತೆ ಮೋರಿಗೆ ಒಯ್ದು ಮುಚ್ಚಿದೆ. ಎರಡು ಮಿಲಿಮೀಟರು.

ಮರುದಿನ ಒಂದು ಗೂಡ್ಸ್ ಗಾಡಿ ಬಂತು. ಡ್ರೈವರನ ಪಕ್ಕ ಅಪ್ಪ, ಹಿಂದೆ ಹೆಸರಿನ ಕಲ್ಲು. ಇಲ್ಲಿ ಇದನ್ನು ನಿಲ್ಲಿಸುವುದು ಹೇಗೆ ಎಂದು ನಾನು ಕೇಳುವ ಮೊದಲೇ, ನಿನಗೊಂದು ಬೆಂಚ್‌ಮಾರ್ಕು ಬೇಕಲ್ಲ, ಇದನ್ನೇ ಇಟ್ಟುಕೋ ಎಂದ ಅಪ್ಪ. ಕಲ್ಲಿನ ನೆತ್ತಿಯ ಮೇಲೆ ಬಾಣ ಕೊರೆಸಿ, ಪಕ್ಕದಲ್ಲಿ ಸರಿಯಾದ ಮಟ್ಟದ ಅಂಕಿ ಕೆತ್ತಿಸಿದೆ. ಮೂರು ಅಡಿ ಗುಂಡಿ ತೋಡಿ, ಬುಡಕ್ಕೆಲ್ಲ ಕಾಂಕ್ರೀಟ್ ತುಂಬಿಸಿದೆ. ಬಣ್ಣ ಮಾತ್ರ ಕೆಂಪು ಬೇಡ ಎಂದು ಹಳದಿ ಹಚ್ಚಿಸಿದೆ. ಮುಂದಿನ ಮಂಗಳವಾರ ಹೋಗಿ ನೋಡಿದರೆ ಅಜ್ಜನ ಹೆಸರಿನ ಮೇಲೆ ಕುಂಕುಮ, ಎರಡು ಚೆಂಡು ಹೂವು. ಹಚ್ಚಲಿ ಬಿಡು, ಇನ್ನು ಹಾರೆ ಹಾಕಿದರೂ ಅವನು ಮೇಲೇಳುವುದಿಲ್ಲ.

ಶ್ರಾವಣದ ಎರಡನೇ ವಾರ ಕೋಡಿ ಬಿತ್ತು. ರಜೆ ಹಾಕಿ ಬಡಿಗೆ ಮತ್ತು ಅಜ್ಜನ ಕೊನೆಯ ಪುಸ್ತಕ ತೆಗೆದುಕೊಂಡು ಹೋದೆ. ಕೋಡಿಯ ಮೇಲೆ ಐದು ಇಂಚು ನೀರು. ಏರಿ ಸುತ್ತಿ ಹಿನ್ನೀರಿನ ಕಡೆ ನಡೆದೆ. ಅಕ್ಕ ಹೊಲದ ತಗ್ಗಿನ ಮೂಲೆಯಲ್ಲೇ ನಿಂತಿದ್ದರು. ಅಲ್ಲಿಯೂ ಈ ಸಲ ಗೋವಿನಜೋಳ ಬಿತ್ತಿದ್ದರು, ಮೊಣಕಾಲೆತ್ತರ ಬಂದಿತ್ತು. ನೀರು ಬದುವಿನ ಆಚೆಗೇ ನಿಂತಿತ್ತು.

ನಾನು ಚಪ್ಪಲಿ ಬಿಡಲು ಬಗ್ಗಿದೆ. ಅಕ್ಕ ತಡೆದರು.

“ಯಾಕ್ರೀ, ಕಾಲು ತೊಯ್ಯಂಗಿಲ್ಲಲ್ಲ,” ಎಂದರು. “ನಿಮ್ಮಜ್ಜಾರು ನಿಂದರ್ತಿದ್ದ ಜಾಗಾ ಇದ. ನಿಂದರ್ರಿ.”

ಹೋಗಿ ನಿಂತೆ. ಬಡಿಗೆ ಊರಿದೆ, ತುದಿ ಹಸಿ ಮಣ್ಣಿಗೆ ತಾಗಿತು, ಮೊಳೆಗಳೆಲ್ಲ ಒಣಗಿದ್ದವು. ಆವತ್ತು ಅಜ್ಜ ಕೂಗುತ್ತಿದ್ದ, ನಾನು ಬರೆಯುತ್ತಿದ್ದೆ. ಈಗ ಕೂಗಿದರೂ ಬರೆಯುವವರಿಲ್ಲ, ಆದರೂ ಜೋರಾಗಿಯೇ ಹೇಳಿ, ಬದುವಿನ ಮೇಲೆ ಕೂತು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅವನ ಕೊನೆಯ ಸಾಲಿನ ಕೆಳಗೆ ಬರೆದೆ: ಕೋಡಿ ೫, ಹೊ. ೦.